ಆಯಿಯ ಓಣಿ

ನಮ್ಮ ಆಯಿಗೆ ತಾನು ಹುಟ್ಟಿದ ವರ್ಷ ಗೊತ್ತಿರಲಿಲ್ಲ. ಪಡಿತರ ಚೀಟಿಯಲ್ಲಿ ಒಂದು ವಯಸ್ಸಿದ್ದರೆ ಮತದಾರರ ಚೀಟಿಯಲ್ಲಿ ಇನ್ನೊಂದಿತ್ತು. ಎರಡಕ್ಕೂ ನಡುವೆ ಆರು ವರ್ಷಗಳ ಅಂತರ. ಬರೆದುಕೊಳ್ಳಲು ಬಂದವರು ಅವಳ ಮುಖ ನೋಡಿ, ತಮಗೆ ತೋಚಿದ ಅಂಕಿಯನ್ನು ಬರೆದುಕೊಂಡು ಹೋಗಿದ್ದರೆಂದು ತೋರುತ್ತದೆ. "ಅವರು ಎಷ್ಟ ಬರದಾರೋ ಅಷ್ಟ ನನ್ನ ವಯಸ್ಸು. ಸಣ್ಣಾಕಿ ಮಾಡಿದರ ನನಗೇನು ತ್ರಾಸ?" ಎಂದು ಆಯಿ ನಗುತ್ತಿದ್ದಳು. ಆಯಿ ಎಂದರೆ ನಮ್ಮ ಕಡೆಗೆ ಅಜ್ಜಿ. ಅಜ್ಜನನ್ನು ನಾವು ಮುತ್ಯಾ ಎನ್ನುತ್ತೇವೆ.

ಹಾಗೆಂದು ಅವಳಿಗೆ ಕಾಲದ ಲೆಕ್ಕವೇ ಇರಲಿಲ್ಲವೆಂದು ಯಾರೂ ತಿಳಿಯಬಾರದು. 1948ರಲ್ಲಿ ಗಾಂಧೀಜಿಯವರು ತೀರಿಕೊಂಡ ಸುದ್ದಿ ಬಂದಾಗ ಅವಳು ತವರಿನ ಬಾವಿಯ ಕಟ್ಟೆಯ ಮೇಲೆ ಕೊಡವಿಟ್ಟು ನಿಂತಿದ್ದಳು. ಆಗ ಇನ್ನೂ ಪರಕಾರ ಉಡುವ ಹುಡುಗಿ. ಅದಾದ ಮೂರನೆಯ ವರ್ಷ ಮದುವೆ. 1956ರಲ್ಲಿ ಕನ್ನಡ ನಾಡು ಒಂದಾಗಿ, ನಮ್ಮ ಜಿಲ್ಲೆ ಮುಂಬಯಿ ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದಾಗ ನಮ್ಮ ದೊಡ್ಡಪ್ಪ ಅವಳ ತೊಡೆಯ ಮೇಲಿನ ಕೂಸು. 1972ರ ಬರಗಾಲದಲ್ಲಿ ಬರಗಾಲದ ಕಾಮಗಾರಿಗೆ ಹೋಗಿ ಬುಟ್ಟಿಯಲ್ಲಿ ಮಣ್ಣು ಹೊತ್ತಳು. 1982ರಲ್ಲಿ ಅವಳ ತವರು ನೀರಿನಲ್ಲಿ ಮುಳುಗಿತು. ಈ ಐದು ಗೂಟಗಳ ನಡುವೆ ಅವಳು ತನ್ನ ಇಡೀ ಬಾಳನ್ನು ಹಗ್ಗದಂತೆ ಕಟ್ಟಿ ಒಣಹಾಕಿದ್ದಳು. ಯಾವ ಮದುವೆ, ಯಾವ ಬಾಣಂತನ, ಯಾವ ಜಗಳ ಯಾವ ಗೂಟದ ಹತ್ತಿರದ್ದು ಎಂಬುದನ್ನು ಕೇಳಿದ ಕೂಡಲೆ ಹೇಳಬಲ್ಲವಳಾಗಿದ್ದಳು.

ತಂಗಡಗಿ ಎಲ್ಲಿದೆ ಎಂದು ದೂರದ ಊರುಗಳ ವಾಚಕರು ಕೇಳಬಹುದು. ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ ತಾಲೂಕಿನಲ್ಲಿ, ಕೃಷ್ಣೆಯ ಎಡದಂಡೆಯ ಮೇಲಿನ ಹಳ್ಳಿ ಅದು. ಹೊಳೆಯ ಆಚೆಗೆ ಹುನಗುಂದ ತಾಲೂಕು. ಅಲ್ಲಿ ಮಲಪ್ರಭೆಯು ಬಂದು ಕೃಷ್ಣೆಯನ್ನು ಕೂಡುವ ಎಡೆಯೇ ಕೂಡಲಸಂಗಮ. ಕಲ್ಯಾಣದಲ್ಲಿ ಕ್ರಾಂತಿಯಾದ ಬಳಿಕ ಸಂಗಮಕ್ಕೆ ಬಂದಿದ್ದ ಬಸವಣ್ಣನವರು, ಮಡದಿ ನೀಲಮ್ಮನನ್ನು ಕರೆತರಲು ಹಡಪದ ಅಪ್ಪಣ್ಣನನ್ನು ಕಳುಹಿಸಿದರಂತೆ. ಅವರಿಬ್ಬರೂ ಈಚೆ ದಂಡೆಗೆ ಬರುವಷ್ಟರಲ್ಲಿ ಬಸವಣ್ಣನವರು ಐಕ್ಯರಾದ ಸುದ್ದಿ ಬಂದಿತು. ಹೊಳೆ ದಾಟಿದರೆ ಮಾತ್ರ ದೇವರು ಸಿಗುವನೇ, ಈ ದಂಡೆಯಲ್ಲಿ ಇಲ್ಲವೇ ಎಂದು ನೀಲಮ್ಮ ಇಲ್ಲಿಯೇ ಐಕ್ಯಳಾದಳೆಂದೂ, ಅಪ್ಪಣ್ಣನೂ ಇಲ್ಲಿಯೇ ಉಳಿದನೆಂದೂ ನಮ್ಮ ಊರಿನವರು ಹೇಳುತ್ತಾರೆ. ನಮ್ಮೂರ ಹೆಣ್ಣುಮಕ್ಕಳಿಗೆ ಈ ಕಥೆ ಪುರಾಣವಲ್ಲ; ಪಕ್ಕದ ಮನೆಯಲ್ಲಿ ನಿನ್ನೆ ನಡೆದ ಸಂಗತಿ. "ನೀಲಮ್ಮಗ ಹೊಳಿ ದಾಟೂದು ಬ್ಯಾಡಾತು. ನಾ ದಾಟಿಕೊಂಡ ಬಂದಾಕಿ" ಎಂದು ಆಯಿ ತನ್ನನ್ನು ಅವಳ ಜೊತೆಗೆ ತೂಗಿ ನೋಡುತ್ತಿದ್ದಳು.

ನಿಜ, ಆಯಿ ದಾಟಿ ಬಂದವಳೇ. ಅವಳ ತವರು ಹೊಳೆಯಾಚೆಯ ಒಂದು ಸಣ್ಣ ಹಳ್ಳಿ. ಮದುವೆಯ ದಿಬ್ಬಣ ಹರಗೋಲಿನಲ್ಲಿ ಬಂದಿತ್ತು. ಇಳಕಲ್ಲ ಸೀರೆಯ ಸೆರಗು ನೀರಿಗೆ ತಾಗದಂತೆ ಅವಳ ಸೋದರತ್ತೆ ಅದನ್ನು ಮಡಚಿ ಹಿಡಿದುಕೊಂಡಿದ್ದಳಂತೆ. ನಡುಹೊಳೆಯಲ್ಲಿ ಅಂಬಿಗನು ಹುಟ್ಟು ನಿಲ್ಲಿಸಿ ಆಯೇರಿಯ ರೊಕ್ಕ ಕೇಳಿದನಂತೆ. ಆಗಿನ ಹೊಳೆ ಈಗಿನದಲ್ಲ. ಮಳೆಗಾಲದಲ್ಲಿ ಕೆಂಪಾಗಿ ಉಕ್ಕುತ್ತಿದ್ದುದು ಬೇಸಗೆಯಲ್ಲಿ ಸೊರಗಿ, ಎರಡೂ ಕಡೆಗೆ ಉಸುಕಿನ ಹಾಸು ತೆರೆದುಕೊಳ್ಳುತ್ತಿತ್ತು. ಆ ಉಸುಕಿನಲ್ಲಿ ಕಲ್ಲಂಗಡಿ, ಸವತೆಯ ಬಳ್ಳಿ ಹಬ್ಬಿಸುತ್ತಿದ್ದರು. ಆಚೆ ದಂಡೆಯಲ್ಲಿ ಬಟ್ಟೆ ಒಗೆಯುವ ಅಕ್ಕನನ್ನು ಈಚೆ ದಂಡೆಯಿಂದ ಕೂಗಿ ಮಾತಾಡಿಸಬಹುದಾಗಿತ್ತು. ಅಕ್ಕನಿಗೆ ಹೆಣ್ಣು ಹುಟ್ಟಿದ ಸುದ್ದಿ ಆಯಿಗೆ ಮುಟ್ಟಿದುದು ಹಾಗೆಯೇ, ನೀರಿನ ಮೇಲಿಂದ.

ನಾನು ಹುಟ್ಟುವ ಹೊತ್ತಿಗೆ ಈ ಹೊಳೆ ಇರಲಿಲ್ಲ. 1982ರಲ್ಲಿ ಕೆಳಗೆ ನಾರಾಯಣಪುರದ ಅಣೆಕಟ್ಟು ಮುಗಿಯಿತು, ಹಿನ್ನೀರು ನಿಂತಿತು. ಹೊಳೆ ವರ್ಷವೆಲ್ಲ ತುಂಬಿದ ಕೆರೆಯಂತೆ ಅಗಲವಾಯಿತು. ಎಷ್ಟೋ ಒಣಹೊಲಗಳಿಗೆ ಕಾಲುವೆಯ ನೀರು ಸಿಕ್ಕಿದ್ದು ಆ ಅಣೆಕಟ್ಟಿನಿಂದ. ಬರಗಾಲದಲ್ಲಿ ಮಣ್ಣು ಹೊತ್ತಿದ್ದ ಆಯಿ ನೀರನ್ನು ಎಂದೂ ಬಯ್ಯಲಿಲ್ಲ. ಆದರೆ ಅವಳ ತವರಿನ ಓಣಿ ಆ ನೀರಿನ ಕೆಳಗೆ ಹೋಗಿತ್ತು.

ಊರು ಬಿಡಿಸುವ ಮೊದಲು ಲೆಕ್ಕ ಬರೆಯುವವರು ಬಂದಿದ್ದರಂತೆ. ಗೋಡೆಯ ಉದ್ದ ಅಳೆದರು. ತೊಲೆ, ಜಂತೆ, ಬಾಗಿಲುಗಳನ್ನು ಎಣಿಸಿದರು. ಹಿತ್ತಿಲಿನ ಬೇವಿನ ಮರಕ್ಕೂ ಬೆಲೆ ಕಟ್ಟಿದರು. "ಎಲ್ಲಾ ಎಣಿಸಿದರಪ್ಪಾ. ಓಣಿ ಒಂದ ಎಣಿಸಲಿಲ್ಲ" ಎನ್ನುತ್ತಿದ್ದಳು ಆಯಿ. ಎತ್ತರದ ನೆಲದಲ್ಲಿ ಹೊಸ ಊರಾಯಿತು. ಬೀದಿಗಳು ಗೆರೆ ಎಳೆದಂತೆ ನೆಟ್ಟಗಿದ್ದುವು. ಆದರೆ ಮೂರು ತಲೆಮಾರು ಗೋಡೆಗೆ ಗೋಡೆ ತಾಗಿಸಿ ಬಾಳಿದವರು ಒಬ್ಬರು ಆ ತುದಿಗೆ, ಒಬ್ಬರು ಈ ತುದಿಗೆ ಆದರು. ಸಂಗಮದಲ್ಲಿ ಬಸವಣ್ಣನವರ ಐಕ್ಯಸ್ಥಳದ ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿ, ನೀರು ಒಳಗೆ ಬಾರದಂತೆ ಕಾಪಾಡಿದ್ದಾರೆ. ಮೆಟ್ಟಿಲಿಳಿದು ದರ್ಶನ ಪಡೆಯಬಹುದು. ಮಾಡಬೇಕಾದ ಕೆಲಸವೇ ಅದು. ಆದರೆ ಹದಿಮೂರು ಮನೆಯ ಓಣಿಗಳಿಗೆಲ್ಲ ಯಾರು ಗೋಡೆ ಕಟ್ಟಿಯಾರು?

ಆಯಿ ಕಟ್ಟಿದ್ದಳು. ನಮಗೆ ತಿಳಿಯಲು ತಡವಾಯಿತು, ಅಷ್ಟೆ.

ನಮ್ಮ ಪಡಸಾಲೆಯ ಮೂಲೆಯಲ್ಲಿ ಒಂದು ಬೀಸುಕಲ್ಲಿತ್ತು. ಊರಿಗೆ ಹಿಟ್ಟಿನ ಗಿರಣಿ ಬಂದು ಎಷ್ಟೋ ವರ್ಷಗಳಾಗಿದ್ದರೂ ಆಯಿ ಅದನ್ನು ತೆಗೆಯಗೊಡಲಿಲ್ಲ. ನಸುಕಿನಲ್ಲಿ ಎದ್ದು ಒಂದಿಷ್ಟು ಜೋಳ ಬೀಸುತ್ತಿದ್ದಳು. ರೊಟ್ಟಿಗೆ ಆ ಹಿಟ್ಟು ಸಾಲುತ್ತಿರಲಿಲ್ಲ. ಸಾಲಬೇಕೆಂಬ ಹಟವೂ ಅವಳಿಗಿರಲಿಲ್ಲ. ಒಂದು ಹಿಡಿ ಜೋಳವನ್ನು ಕಲ್ಲಿನ ಬಾಯಿಗೆ ಹಾಕುವಳು; ಒಂದು ತ್ರಿಪದಿ ಹಾಡುವಳು. ಮತ್ತೊಂದು ಹಿಡಿ, ಮತ್ತೊಂದು ಹಾಡು. ಹದಿಮೂರು ಹಿಡಿಗೆ ಮುಗಿಯಿತು. ಚಿಕ್ಕಂದಿನಲ್ಲಿ ನಾನು ಕೌದಿಯೊಳಗೆ ಮಲಗಿಕೊಂಡೇ ಇದನ್ನು ಕೇಳುತ್ತಿದ್ದೆ. ಕಲ್ಲಿನ ಗುಡುಗಿನಲ್ಲಿ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ. ಗೌಡರ ಮನೆ, ಬಡಿಗೇರ ಮನೆ, ಕಂಬಾರರ ಮನೆ, ಹತ್ತಿ ಹಿಂಜುವ ನದಾಫರ ಮನೆ ಎಂದು ನಡುನಡುವೆ ಮನೆಗಳ ಹೆಸರು ಮಾತ್ರ ಬರುತ್ತಿದ್ದುವು. ಅದೇಕೆಂದು ಕೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಮುಂದೆ ನಾನು ಧಾರವಾಡಕ್ಕೆ ಹೋಗಿ ಕನ್ನಡ ಎಂ.ಎ. ಓದಿದೆ. ಓದಿದವನ ಕೈಯಲ್ಲಿ ಅಳತೆಗೋಲು ಬಂದರೆ ಮೊದಲು ಅಳೆಯುವುದು ತನ್ನ ಮನೆಯನ್ನೇ. ನಮ್ಮ ಜಿಲ್ಲೆಯವರೇ ಆದ ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ 'ಗರತಿಯ ಹಾಡು' ನನ್ನ ಪಠ್ಯವಾಗಿತ್ತು. ಓದುಬರೆಹವಿಲ್ಲದ ಹೆಣ್ಣುಮಕ್ಕಳ ಬಾಯಿಯ ಹಾಡುಗಳನ್ನು ಶ್ರದ್ಧೆಯಿಂದ ಕೂಡಿಸಿದ ಪುಸ್ತಕ ಅದು. ಅದನ್ನು ಓದಿ ನಾನು ಕಲಿಯಬೇಕಾದುದು ಬೇರೆ ಇದ್ದಿತು, ಕಲಿತದ್ದು ಬೇರೆ. ಪಂಚಮಿಯ ರಜೆಗೆ ಊರಿಗೆ ಬಂದಾಗ ಆಯಿ ಬೀಸುತ್ತ ಹಾಡಿದ ಒಂದು ತ್ರಿಪದಿ, ಪುಸ್ತಕದಲ್ಲಿ ನಾನು ಓದಿದ್ದ ಹಾಡಿನಂತೆಯೇ ಇದೆ ಎನಿಸಿತು. ಆದರೆ ಮೂರನೆಯ ಸಾಲು ಬೇರೆ. ನಾನು ಪುಸ್ತಕ ತಂದು, ಎದುರಿಗೆ ಕುಳಿತು, "ಆಯಿ, ನೀ ತಪ್ಪ ಹಾಡಾಕತ್ತೀ. ಖರೇ ಸಾಲು ಹಿಂಗೈತಿ" ಎಂದು ಓದಿ ತೋರಿಸಿದೆ.

ಆಯಿಯ ಕೈ ನಿಂತಿತು. ಗೂಟವನ್ನು ಹಿಡಿದುಕೊಂಡೇ ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. "ಹಂಗಾರ ಪುಸ್ತಕದ ಕಡಿಂದನ ಹಾಡಿಸ್ಕೋ ತಮ್ಮಾ" ಎಂದಳು. ಉಳಿದ ಜೋಳವನ್ನು ಮೊರಕ್ಕೆ ಸುರಿದು ಎದ್ದುಹೋದಳು.

ಆ ಮೇಲೆ ನಾನು ಮನೆಯಲ್ಲಿದ್ದಾಗ ಅವಳು ಹಾಡಲಿಲ್ಲ. ಒಂದೆರಡು ದಿನವಲ್ಲ, ಹತ್ತು ವರ್ಷಕ್ಕೂ ಮಿಕ್ಕಿ. ನಾನು ಅಧ್ಯಾಪಕನಾದೆ, ಜನಪದ ಸಾಹಿತ್ಯವನ್ನೇ ತರಗತಿಯಲ್ಲಿ ಪಾಠ ಹೇಳಿದೆ, ಮೌಖಿಕ ಪರಂಪರೆಯೆಂಬ ವಿಷಯದ ಮೇಲೆ ಪ್ರಬಂಧ ಮಂಡಿಸಿ ಚಪ್ಪಾಳೆಯನ್ನೂ ಪಡೆದೆ. ನನ್ನ ಮನೆಯ ಪಡಸಾಲೆಯಲ್ಲಿ ಮಾತ್ರ ನಾನು ಬಂದೊಡನೆ ಕಲ್ಲು ಮೂಕವಾಗುತ್ತಿತ್ತು.

ನನ್ನ ಕಣ್ಣು ತೆರೆಯಿಸಿದವಳು ನಾನೆಂದೂ ಕಾಣದ ಒಬ್ಬ ಯೆಹೂದಿ ಮುದುಕಿ. ಅದು ನಡೆದ ಬಗೆಯನ್ನು ಹೇಳುತ್ತೇನೆ.

ಒಂದು ವಿಚಾರಗೋಷ್ಠಿಗಾಗಿ ಎರ್ನಾಕುಲಮ್ಮಿಗೆ ಹೋದವನು, ಬಿಡುವಿನ ದಿನ ಕೊಚ್ಚಿಯ ಮಟ್ಟಾಂಚೇರಿಗೆ ಹೋಗಿದ್ದೆ. ಅಲ್ಲಿ ಹಳೆಯ ಅರಮನೆಯ ಹಿಂದೆ ಒಂದು ಓಣಿಯಿದೆ. ಜ್ಯೂ ಟೌನ್ ಎಂದೇ ಅದಕ್ಕೆ ಹೆಸರು. ಓಣಿಯ ತುದಿಗೆ 1568ರಲ್ಲಿ ಕಟ್ಟಿದ ಯೆಹೂದಿಗಳ ಪ್ರಾರ್ಥನಾಮಂದಿರ. ಒಳಗೆ ಚೀನಾದಿಂದ ತರಿಸಿದ, ಕೈಯಿಂದ ನೀಲಿ ಚಿತ್ರ ಬರೆದ ಹಾಸುಬಿಲ್ಲೆಗಳು. ಆ ಓಣಿಯವರಲ್ಲಿ ಬಹುತೇಕ ಎಲ್ಲರೂ 1948ರಲ್ಲಿ ಇಸ್ರೇಲ್ ಹುಟ್ಟಿದ ಬಳಿಕ ಅಲ್ಲಿಗೆ ಹೊರಟುಹೋದರು. ಮನೆಗಳು ಈಗ ಅಂಗಡಿಗಳಾಗಿವೆ. ಮೆಣಸು ಏಲಕ್ಕಿಗಳ ವಾಸನೆಯ ನಡುವೆ ಹಳೆಯ ದೀಪ, ಹಳೆಯ ಬೀರುಗಳನ್ನು ಮಾರುತ್ತಾರೆ. ಆ ಓಣಿಯ ಒಂದು ಅಂಗಡಿಯಲ್ಲಿ ನಾನು 'ರೂಬಿ ಆಫ್ ಕೊಚಿನ್' ಎಂಬ ಇಂಗ್ಲಿಷ್ ಪುಸ್ತಕವನ್ನು ಕೊಂಡೆ.

ರೂಬಿ ಡೇನಿಯಲ್ ಅದೇ ಕೊಚ್ಚಿಯಲ್ಲಿ 1912ರಲ್ಲಿ ಹುಟ್ಟಿದವಳು. ಓದಿ, ನ್ಯಾಯಾಲಯದಲ್ಲಿ ಗುಮಾಸ್ತೆಯಾದಳು. ಎರಡನೆಯ ಮಹಾಯುದ್ಧದ ಕಾಲಕ್ಕೆ ನೌಕಾಪಡೆಯ ಮಹಿಳಾ ದಳ ಸೇರಿದಳು. 1951ರಲ್ಲಿ ಇಸ್ರೇಲಿಗೆ ಹೋಗಿ ಕಿಬ್ಬುತ್ಸಿನಲ್ಲಿ ನೆಲೆಸಿದಳು. ಎಲ್ಲರೂ ಕೂಡಿ ದುಡಿದು ಕೂಡಿ ಉಣ್ಣುವ ಬೇಸಾಯದ ನೆಲೆಗೆ ಅಲ್ಲಿ ಆ ಹೆಸರು. 1951! ನಮ್ಮ ಆಯಿ ಹರಗೋಲು ಹತ್ತಿದ ವರ್ಷವೇ ಅದು. ಒಬ್ಬಳು ಹೊಳೆ ದಾಟಿದಳು, ಒಬ್ಬಳು ಕಡಲು ದಾಟಿದಳು. ಎಂಬತ್ತು ದಾಟಿದ ರೂಬಿ, ಬಾರ್ಬರಾ ಜಾನ್ಸನ್ ಎಂಬ ಅಮೆರಿಕದ ವಿದುಷಿಯ ಜೊತೆಗೂಡಿ 1995ರಲ್ಲಿ ತನ್ನ ನೆನಪುಗಳನ್ನು ಪುಸ್ತಕ ಮಾಡಿದಳು. 2002ರಲ್ಲಿ ತೀರಿಕೊಂಡಳು.

ಆ ಪುಸ್ತಕದಲ್ಲಿ ಇರುವುದೇನು? ಮನೆಯವರು, ನೆರೆಯವರು, ಹಬ್ಬಗಳು, ಮದುವೆಗಳು, ಹಿರಿಯರು ಹೇಳಿದ ಕಥೆಗಳು. ಒಂದು ಸಣ್ಣ ಓಣಿಯ ಸಂಸಾರ. ಅದಕ್ಕೂ ಮಿಗಿಲಾಗಿ, ಹಾಡುಗಳು. ಕೊಚ್ಚಿಯ ಯೆಹೂದಿ ಹೆಂಗಸರು ತಮ್ಮ ಧರ್ಮಗ್ರಂಥದ ಕಥೆಗಳನ್ನೂ ಮದುವೆಯ ಹಾಡುಗಳನ್ನೂ ಮಲಯಾಳದಲ್ಲಿ ಕಟ್ಟಿ, ಗಂಡಸರು ಕುಳಿತು ಕೇಳುತ್ತಿದ್ದಂತೆಯೇ ಹಾಡುತ್ತಿದ್ದರು. ಹಾಡುಗಳನ್ನು ನೋಟುಬುಕ್ಕುಗಳಲ್ಲಿ ಕೈಯಿಂದ ಬರೆದು, ತಾಯಿಯಿಂದ ಮಗಳಿಗೆ ಕೊಡುತ್ತ ಬಂದರು. ಕಡಲು ದಾಟುವಾಗ ಆ ನೋಟುಬುಕ್ಕುಗಳೂ ಜೊತೆಗೆ ಹೋದುವು. ನಮ್ಮ ಹಾಡುಗಳಲ್ಲಿರುವಂತೆ ಅವುಗಳಲ್ಲಿಯೂ ಗಿಳಿ ಬರುತ್ತದೆ. ಒಂದು ನೋಟುಬುಕ್ಕಿನ ಸಾಲು ಇನ್ನೊಂದರಲ್ಲಿ ಬೇರೆಯಾಗಿರುತ್ತದೆ. ಅವುಗಳನ್ನು ಕೂಡಿಸಿದವರು ಯಾವುದು ಖರೇ, ಯಾವುದು ತಪ್ಪು ಎಂದು ಮುದುಕಿಯರ ಮುಂದೆ ಪುಸ್ತಕ ಹಿಡಿಯಲಿಲ್ಲ. ಕೇಳಿದರು, ಬರೆದುಕೊಂಡರು. ರೂಬಿಯೇ ನೂರಾರು ಸಾಲುಗಳನ್ನು ಇಂಗ್ಲಿಷಿಗೆ ತಿರುಗಿಸಿ ಅರ್ಥ ಬಿಡಿಸಿಕೊಟ್ಟಳು.

ಇನ್ನೊಂದು ಮಾತನ್ನು ಹೇಳಲೇಬೇಕು. ರೂಬಿಯ ನೆನಪುಗಳೆಲ್ಲ ಸಿಹಿಯಲ್ಲ. ಅವಳ ಮನೆತನವನ್ನು ಓಣಿಯ ಉಳಿದವರು ಬಿಡುಗಡೆಗೊಂಡ ದಾಸರ ಸಂತತಿಯೆಂದು ಕೀಳಾಗಿ ಕಾಣುತ್ತಿದ್ದರು. ಅದೇ ದೇವರು, ಅದೇ ಗ್ರಂಥ. ಆದರೆ ಮಂದಿರದ ಒಳಗೆ ಸರಿಸಮನಾಗಿ ಕೂಡಗೊಡುತ್ತಿರಲಿಲ್ಲ. ಅದೇ ಗುಂಪಿನಲ್ಲಿ ಹುಟ್ಟಿದ ವಕೀಲ ಎ. ಬಿ. ಸೇಲಂ (1882-1967) ಗಾಂಧೀಜಿಯವರ ದಾರಿಯಲ್ಲಿ ಸತ್ಯಾಗ್ರಹ ಹೂಡಿ ಆ ಕಟ್ಟನ್ನು ಸಡಲಿಸಬೇಕಾಯಿತು. ತನ್ನ ಓಣಿಯನ್ನು ಅಷ್ಟು ಪ್ರೀತಿಸಿದ ರೂಬಿ ಇದನ್ನು ಮುಚ್ಚಿಡಲಿಲ್ಲ. ಪ್ರೀತಿಸಿದುದರಿಂದಲೇ ಮುಚ್ಚಿಡಲಿಲ್ಲವೆಂದು ನನಗೆ ತೋರುತ್ತದೆ.

ಊರಿಗೆ ಮರಳುವಾಗ ರೈಲು ಮಂಗಳೂರಿನಲ್ಲಿ ನಿಂತಿತು. ಆಗ ಅಶುವಿನ ನೆನಪಾಯಿತು. ಬಸವಣ್ಣನವರ ಕಾಲದಲ್ಲಿಯೇ, ಹನ್ನೆರಡನೆಯ ಶತಮಾನದಲ್ಲಿ, ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವ್ಯಾಪಾರಿ ಹಲವು ವರ್ಷ ನೆಲೆಸಿದ್ದನು. ಟ್ಯುನೀಸಿಯಾದ ಕಡೆಯವನು, ಮೆಣಸು ಅಡಕೆಗಳನ್ನು ಹಡಗಿಗೆ ಹೇರಿಸುವವನು, ಕಂಚಿನ ಪಾತ್ರೆಗಳನ್ನು ಮಾಡಿಸುವವನು. ಅವನ ಕಾಗದಪತ್ರಗಳು ಕೈರೋದ ಹಳೆಯ ಯೆಹೂದಿ ಮಂದಿರವೊಂದರ ಉಗ್ರಾಣದಲ್ಲಿ ಉಳಿದು, ಗೊಯಿಟೀನ್ ಮೊದಲಾದ ವಿದ್ವಾಂಸರ ಕೈಸೇರಿದುವು. ಅಮಿತಾವ್ ಘೋಷ್ ಅವರು 1992ರ ತಮ್ಮ 'ಇನ್ ಆ್ಯನ್ ಆಂಟೀಕ್ ಲ್ಯಾಂಡ್' ಪುಸ್ತಕದಲ್ಲಿ ಆ ಕಥೆಯನ್ನು ಬರೆದಿದ್ದಾರೆ. 1132ರಲ್ಲಿ ಮಂಗಳೂರಿನಲ್ಲಿ ಬರೆದ ಒಂದು ಪತ್ರದ ಮೂಲಕ ಬೆನ್ ಯಿಜು ಅಶು ಎಂಬ ದಾಸಿಯನ್ನು ಬಿಡುಗಡೆ ಮಾಡಿದನು. ಅವನ ಮಕ್ಕಳ ತಾಯಿ ಅವಳೇ ಎಂದು ವಿದ್ವಾಂಸರು ಊಹಿಸುತ್ತಾರೆ. ಮೆಣಸಿನ ಲೆಕ್ಕ ಉಳಿಯಿತು, ಬೀಗಗಳ ಲೆಕ್ಕ ಉಳಿಯಿತು. ಆ ಹೆಣ್ಣುಮಗಳ ಬಾಯಿಂದ ಬಂದ ಒಂದು ಮಾತೂ ಉಳಿಯಲಿಲ್ಲ. ಅವಳು ಯಾವ ಹಾಡು ಹಾಡಿ ಮಕ್ಕಳನ್ನು ಮಲಗಿಸಿದಳೋ! ಅದೇ ಶತಮಾನದ ನೀಲಮ್ಮನ ವಚನಗಳು ನಮಗೆ ಉಳಿದಿವೆ. ಅಪ್ಪಣ್ಣನ ಮಡದಿ ಲಿಂಗಮ್ಮನ ವಚನಗಳೂ ಉಳಿದಿವೆ. ಉಳಿದದ್ದಕ್ಕೆ ಕಾರಣ ಒಂದೇ: ಯಾರೋ ಕೇಳಿದರು, ಯಾರೋ ಬರೆದುಕೊಂಡರು.

ರೈಲು ಹೊರಟಿತು. ನನ್ನ ಊರಿನ ಪಡಸಾಲೆಯ ಮೂಲೆಯಲ್ಲಿ ಮೂಕವಾಗಿದ್ದ ಕಲ್ಲು ನನ್ನ ಎದೆಯ ಮೇಲೆ ಕುಳಿತಂತಾಯಿತು.

ಮುಂದಿನ ಶನಿವಾರವೇ ತಂಗಡಗಿಗೆ ಹೋದೆ. ಆಯಿ ಕಟ್ಟೆಯ ಮೇಲೆ ಕುಳಿತು ಕೌದಿಗೆ ತುಂಡು ಹಚ್ಚುತ್ತಿದ್ದಳು. ಕಣ್ಣು ಮಂದವಾಗಿತ್ತು, ಸೂಜಿಗೆ ದಾರ ಪೋಣಿಸಿಕೊಡಲು ಯಾರಾದರೂ ಬೇಕಾಗಿತ್ತು. ನಾನು ಪೋಣಿಸಿಕೊಟ್ಟೆ. "ಆಯಿ, ನಿನ್ನ ಹಾಡ ಬರಕೊಳ್ಳಬೇಕಂತ ಬಂದೀನಿ" ಎಂದೆ.

"ಪುಸ್ತಕದಾಗ ಇಲ್ಲೇನ?"

"ನಿನ್ನ ಓಣಿ ಪುಸ್ತಕದಾಗ ಇಲ್ಲಾಯಿ."

ಅವಳು ಮಾತಾಡಲಿಲ್ಲ. ಅಂದು ಹಾಡಲೂ ಇಲ್ಲ. ಮರುದಿನ ನಸುಕಿನಲ್ಲಿ ಗುಡುಗಿನ ಸಪ್ಪಳಕ್ಕೆ ಎಚ್ಚರಾಯಿತು. ಎದ್ದು ಹೋಗಿ, ವಹಿ ಹಿಡಿದು, ಗೋಡೆಗೆ ಒರಗಿ ಕುಳಿತೆ. ಅವಳು ಮೊದಲು ಹಾಡಿದುದು ಅದೇ ತ್ರಿಪದಿ, ಅದೇ ಮೂರನೆಯ ಸಾಲು. ನಾನು ಬರೆದುಕೊಂಡೆ. ಮೂರು ದಿನ ಬಿಟ್ಟು ಅದೇ ಹಾಡನ್ನು ಹಾಡುವಾಗ ಮೂರನೆಯ ಸಾಲು ಮತ್ತೆ ಬೇರೆಯಾಗಿತ್ತು. ಅದನ್ನೂ ಬರೆದುಕೊಂಡೆ. ಆಯಿ ಕಲ್ಲು ನಿಲ್ಲಿಸಿ, "ಏನ ಬರದೀ ಓದು" ಎಂದಳು. ಓದಿದೆ.

"ಎರಡೂ ಬರಕೊಂಡಿಯೇನ?"

"ಎರಡೂ."

"ಈಗ ನಿನಗ ಕಿವಿ ಬಂದುವು ನೋಡ" ಎಂದು ನಕ್ಕಳು. ನನ್ನ ಎಂ.ಎ. ಪದವಿಯ ಪ್ರಮಾಣಪತ್ರವು ನನಗೆ ಸಿಕ್ಕಿದ್ದು ಅಂದೇ ಎಂದು ನಾನು ತಿಳಿದಿದ್ದೇನೆ.

ಹದಿಮೂರು ಹಿಡಿಯ ಗುಟ್ಟೂ ಆಗಲೇ ತಿಳಿಯಿತು. ತವರಿನ ಓಣಿಯಲ್ಲಿ ಹದಿಮೂರು ಮನೆ. ಅಗಸಿಯಿಂದ ಹೊಳೆಯ ಕಡೆಗೆ ಇಳಿಯುವಾಗ ಎಡಕ್ಕೆ ಏಳು, ಬಲಕ್ಕೆ ಆರು. ದಿನಾಲು ನಸುಕಿನಲ್ಲಿ ಆಯಿ ಒಂದೊಂದು ಹಿಡಿ ಜೋಳದೊಡನೆ ಒಂದೊಂದು ಮನೆಯ ಬಾಗಿಲಿಗೆ ಹೋಗಿ ಬರುತ್ತಿದ್ದಳು. 1982ರಿಂದ ಒಂದು ದಿನವೂ ತಪ್ಪಿಸಿರಲಿಲ್ಲ. ಯಾರ ಮನೆಯಲ್ಲಿ ಎಳ್ಳಮವಾಸ್ಯೆಯ ಸಜ್ಜೆಯ ರೊಟ್ಟಿ ತೆಳ್ಳಗಾಗುತ್ತಿತ್ತು, ಅಲಾಯಿ ಹಬ್ಬದಲ್ಲಿ ಯಾರು ನದಾಫರ ಮನೆಗೆ ಬೆಲ್ಲ ಕೊಟ್ಟು ಹರಕೆ ಹೊತ್ತರು, ಗಂಡನ ಹೆಸರನ್ನು ಒಡಪಿನಲ್ಲಿ ಹೇಳಲು ನಾಚಿ ಯಾರು ಬಾಗಿಲ ಹಿಂದೆ ಅಡಗಿಕೊಂಡರು, ಯಾವ ಗೋಡೆಯ ತೂತಿನಿಂದ ಒಲೆಯ ಕೆಂಡ ಈ ಮನೆಯಿಂದ ಆ ಮನೆಗೆ ಹೋಗುತ್ತಿತ್ತು ಎಂಬುದನ್ನೆಲ್ಲ ಹೇಳಿದಳು. ಸಂಜೆ ಹೊಳೆಯ ದಂಡೆಗೆ ಕರೆದೊಯ್ದು, ನಿಂತ ನೀರಿನ ಕಡೆಗೆ ಕೈ ಚಾಚಿ, "ಅಲ್ಲಿ ಬೆಳ್ಳಕ್ಕಿ ಕುಂತೈತಲ್ಲ, ಅಲ್ಲೇ ಕಂಬಾರರ ಕುಲಮಿ" ಎಂದು ತೋರಿಸಿದಳು. ನಾನು ನೋಡಿದೆ. ನೀರು ಮಾತ್ರ ಕಂಡಿತು. ಆದರೂ ವಹಿಯಲ್ಲಿ ಕುಲುಮೆಯನ್ನು ಬರೆದುಕೊಂಡೆ.

ಹೀಗೆ ಎರಡು ವರ್ಷ ನಡೆಯಿತು. ಒಂದು ದಿನ ಹದಿಮೂರನೆಯ ಹಿಡಿಯೂ ಮುಗಿದ ಮೇಲೆ ಆಯಿ ಮತ್ತೊಂದು ಹಿಡಿ ಜೋಳವನ್ನು ಕೈಗೆ ತೆಗೆದುಕೊಂಡಳು. ಕಲ್ಲಿಗೆ ಹಾಕಲಿಲ್ಲ.

"ಓಣಿ ಹೊರಗ ಒಂದ ಮನಿ ಇತ್ತು. ಅದನ್ನೂ ಬರಕೋ" ಎಂದಳು.

ಅದು ಊರ ಹೊರಗಿನ ಕೇರಿಯ ಸೂಲಗಿತ್ತಿಯ ಮನೆ. ಆಯಿಯ ಮೊದಲ ಎರಡು ಹೆರಿಗೆಗಳು ತವರಿನಲ್ಲಾದುವು. ಎರಡೂ ಕೂಸುಗಳನ್ನು ಎತ್ತಿಕೊಂಡವಳು ಅವಳೇ. ನಡುರಾತ್ರಿ ಮಳೆಯಲ್ಲಿ ನಡೆದು ಬಂದಿದ್ದಳಂತೆ. ಕೆಲಸ ಮುಗಿಸಿ, ಅಂಗಳದಲ್ಲಿ ಕುಳಿತು, ನೀರು ಕೇಳಿದಳು. ಆಯಿಯ ಅವ್ವ ಚರಿಗೆಯನ್ನು ಮೇಲೆತ್ತಿ ಅವಳ ಬೊಗಸೆ ಕೈಗೆ ನೀರು ಸುರಿದಳು.

"ನನ್ನ ಮಗನ್ನ ಮೊದಲ ಮುಟ್ಟಿದ ಕೈ ಅದು. ಆ ಕೈಗೆ ಮ್ಯಾಲಿಂದ ನೀರ ಹಾಕಿದರು. ಮುಂದ ನಾನೂ ಹಾಕೀನಿ ತಮ್ಮಾ. ನೀಲಮ್ಮ, ಅಪ್ಪಣ್ಣನ ಊರಿಗೆ ಸೊಸಿಯಾಗಿ ಬಂದ ಮ್ಯಾಲೂ ಹಾಕೀನಿ."

ನಾನು ಲೇಖನಿಯನ್ನು ಕೆಳಗಿಟ್ಟೆ. ನಿಜ ಹೇಳುತ್ತೇನೆ, ಅದನ್ನು ಬರೆಯುವ ಮನಸ್ಸು ನನಗಾಗಲಿಲ್ಲ. ಆಯಿಯ ಓಣಿ ನನ್ನ ವಹಿಯಲ್ಲಿ ಅಷ್ಟು ಚೆಂದವಾಗಿ ಮೂಡಿತ್ತು. "ಇದ ಇರಲಿ ಬಿಡಾಯಿ" ಎಂದೆ.

"ಮತ್ತ ತಿದ್ದಾಕತ್ತೀ?" ಎಂದಳು ಆಯಿ.

ಬರೆದುಕೊಂಡೆ. ಸೂಲಗಿತ್ತಿಯ ಹೆಸರನ್ನೂ ಕೇಳಿ ಬರೆದುಕೊಂಡೆ. ಆಯಿ ಅಂದು ಅವಳ ಮೇಲೆ ಒಂದು ಹಾಡು ಹಾಡಿದಳು. ಅದುವರೆಗೆ ನಾನು ಕೇಳದ ಹಾಡು. ಹಳೆಯದೋ, ತಾನೇ ಕಟ್ಟಿದುದೋ ಎಂದು ಕೇಳಲು ಹೋಗಲಿಲ್ಲ. ಹದಿನಾಲ್ಕನೆಯ ಹಿಡಿ ಕಲ್ಲಿನ ಬಾಯಿಗೆ ಬಿದ್ದಿತು. ಮರುದಿನದಿಂದ ದಿನಾಲು ಹದಿನಾಲ್ಕು ಹಿಡಿ ಬೀಸಿದಳು.

ಆಯಿ ತೀರಿಕೊಂಡು ಎರಡು ವರ್ಷವಾಯಿತು. ಅವಳ ವಯಸ್ಸೆಷ್ಟು ಎಂದು ಬರೆದುಕೊಳ್ಳುವವರು ಆಗಲೂ ಕೇಳಿದರು. ಪಡಿತರ ಚೀಟಿಯಲ್ಲಿದ್ದುದನ್ನೇ ಹೇಳಿದೆವು. ಸಣ್ಣವಳನ್ನಾಗಿ ಮಾಡಿದರೆ ಅವಳಿಗೇನು ತ್ರಾಸ? ವಹಿಗಳು ನನ್ನ ಮೇಜಿನ ಮೇಲಿವೆ. ಅವುಗಳಲ್ಲಿ ಒಂದೇ ಹಾಡು ಎರಡು ಮೂರು ಬಗೆಯಲ್ಲಿ ಇದೆ. ಒಂದೇ ಮದುವೆ ಒಂದು ಕಡೆ ಮಾಘದಲ್ಲಿ, ಇನ್ನೊಂದು ಕಡೆ ಚೈತ್ರದಲ್ಲಿ ನಡೆದಿದೆ. ನಾನು ಯಾವುದನ್ನೂ ಹೊಡೆದುಹಾಕಿಲ್ಲ.

ಈಗ ಪ್ರತಿವರ್ಷ ನನ್ನ ವಿದ್ಯಾರ್ಥಿಗಳಿಗೆ ಒಂದು ಮನೆಗೆಲಸ ಕೊಡುತ್ತೇನೆ. ಮನೆಯಲ್ಲಿರುವ, ಇಲ್ಲವೇ ಓಣಿಯಲ್ಲಿರುವ ಹಿರಿಯ ಹೆಣ್ಣುಮಗಳೊಬ್ಬಳನ್ನು ಅವಳ ಓಣಿಯ ಮನೆಗಳನ್ನು ಒಂದೊಂದಾಗಿ ಹೇಳೆಂದು ಕೇಳಿ, ಅವಳು ಹೇಳಿದಂತೆಯೇ ಬರೆದು ತರಬೇಕು. ಈ ವರ್ಷ ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಸರ್, ನಮ್ಮ ಆಯಿ ತಪ್ಪ ಹೇಳಿದರ?" ಎಂದು ಕೇಳಿದಳು.

"ಅದನ್ನೂ ಬರಕೊಂಡ ಬಾರವ್ವ" ಎಂದೆ. ತರಗತಿಯಲ್ಲಿ ಗ್ರಾಂಥಿಕ ಕನ್ನಡವನ್ನೇ ಆಡುವ ನನ್ನ ಬಾಯಿಂದ ತಂಗಡಗಿಯ ಮಾತು ಬಂದುದಕ್ಕೆ ಹುಡುಗರು ನಕ್ಕರು. ನನಗೂ ನಗೆ ಬಂದಿತು.